ಲಾಭ, ಎರಡು, ಮೂರು

ಅರಸೀಕೆರೆಯಲ್ಲಿ ಒಂದು ಕಾಲಕ್ಕೆ
ನನ್ನ ಕೈಬರಹ ಇಲ್ಲದ ಬೀದಿ ಇರಲಿಲ್ಲ.
ಕ್ಯಾಸೆಟ್ಟಿನ ಒಳಚೀಟಿ ಬರೆಯುವುದು ನನ್ನ ಕೆಲಸ:
ಮಗ್ಗುಲಿಗೆ ಏಳು ಗೆರೆ, ನೀಲಿ ಶಾಯಿ,
ಹಾಡಿನ ಹೆಸರು ಉದ್ದವಾದರೆ ಒತ್ತಕ್ಷರ ಕುಗ್ಗಿಸಿ,
ಚೀಟಿಗೆ ನಾಲ್ಕಾಣೆ, ಟೀ ಬೇರೆ.

ಸ್ಟೇಷನ್ ರಸ್ತೆಯ ಮೂರನೇ ಮಳಿಗೆ,
ಮರುಳಸಿದ್ಧಪ್ಪನವರ ರೆಕಾರ್ಡಿಂಗ್ ಸೆಂಟರು.
ಎರಡು ಡೆಕ್ಕು, ಸ್ಪಿರಿಟ್ಟಿನ ಸೀಸೆ, ಹತ್ತಿ,
ಸಿಕ್ಕಿದ ರೀಲು ಸುತ್ತಲು ಆರು ಮೂಲೆಯ ಪೆನ್ಸಿಲ್ಲು;
ದುಂಡನೆಯದು ಜಾರುತ್ತದೆ.
ಜನ ಹಾಡಿನ ಪಟ್ಟಿ ತರುತ್ತಿದ್ದರು
ಬೀಡಿ ಕಟ್ಟಿನ ಹಿಂದೆ, ಕೊಬ್ಬರಿ ಮಂಡಿಯ ತೂಕದ ಚೀಟಿಯ ಹಿಂದೆ.
ಒಬ್ಬಳು ಅಂಗೈಯಲ್ಲೇ ಬರೆದುಕೊಂಡು ಬಂದಳು,
ಬೆವರಿಗೆ ಮೂರನೆಯ ಹಾಡು ಅಳಿಸಿಹೋಗಿ
"ಅದೇ... ಅದು..." ಅನ್ನುತ್ತ
ಗುನುಗಲು ನಾಚಿ ನಿಂತಳು.

ಅರ್ಧ ಗಂಟೆಗೆ ಒಂದು ಮಗ್ಗುಲು.
ಕೊನೆಯ ಹಾಡು ಹಿಡಿಸದಿದ್ದರೆ ಚರಣದ ನಡುವೆ
ಟಕ್ಕೆಂದು ನಿಲ್ಲುತ್ತಿತ್ತು.
ಇವತ್ತಿಗೂ ಕೆಲವು ಹಾಡು ನನಗೆ ಅಲ್ಲಿಗೇ ಮುಗಿಯುತ್ತವೆ.
ರೇಡಿಯೋ ಅದರಾಚೆಗೂ ಹಾಡಿದರೆ
ಕರೆಯದೆ ಯಾರದೋ ಅಡುಗೆಮನೆಗೆ ನುಗ್ಗಿದಂತೆ ಆಗುತ್ತದೆ.

ಸುಳ್ಳು ಹೇಳಬಾರದು, ದನಿ ಅಷ್ಟೇನೂ ಚೆನ್ನಾಗಿರಲಿಲ್ಲ.
ಹಾಡಿಗೆ ಮೊದಲು ಕಾದ ಕಾವಲಿಯ ಸದ್ದು,
ಬೇಸಿಗೆಯಲ್ಲಿ ರೀಲು ಹಿಗ್ಗಿ
ಗಾಯಕಿಗೆ ಒಂದು ಕ್ಷಣ ಗಂಡಸಿನ ಗಂಟಲು.

ಪಾಯಿಂಟ್ಸ್‌ಮನ್ ಜ್ಞಾನಪ್ರಕಾಶ ಬಂದದ್ದು
ಅಂಥದೊಂದು ಬೇಸಿಗೆಯಲ್ಲಿ, ಹಸಿರು ಬಾವುಟ ಕಂಕುಳಲ್ಲಿಟ್ಟು.
ಹಳೆಯ ಕ್ಯಾಸೆಟ್ಟು. ನೆತ್ತಿಯ ಎರಡೂ ಹಲ್ಲು ಮುರಿದಿದ್ದವು,
ಅಂದರೆ ಯಾರೋ ಒಮ್ಮೆ
ಇದನ್ನು ಅಳಿಸಬಾರದು ಅಂದುಕೊಂಡಿದ್ದರು.
"ಅಳಿಸಿ. ಹಾಡು ತುಂಬಿ."
ತೂತಿಗೆ ಸೆಲ್ಲೋಟೇಪು ಅಂಟಿಸಿದವಳು ನಾನೇ.

ಆರು ಹಾಡು ಮುಗಿದರೂ ರೀಲು ಉಳಿದಿತ್ತು.
ಸರಿಯಾಗಿದೆಯೇ ಎಂದು ಹಾಕಿ ಕೇಳಿದಾಗ
ಆರನೆಯದರ ಬಾಲಕ್ಕೆ ಹೆಣ್ಣುದನಿ,
ತೆಂಗಿನಕಾಯಿ ಎಣಿಸುತ್ತಿತ್ತು:
ಹನ್ನೊಂದು... ಹನ್ನೆರಡು...
ಪ್ರತಿ ಎಣಿಕೆಗೂ ಕಾಯಿ ಮೇಲೆ ಕಾಯಿ ಬಿದ್ದ ಸದ್ದು.
ನಡುವೆ ಒಮ್ಮೆ ಕೆಮ್ಮು,
ಒಮ್ಮೆ ನಗು, "ಅದನ್ನ ಆರಿಸೋ ಮಾರಾಯ".
ಮೂವತ್ತೇಳಕ್ಕೆ ರೀಲು ಮುಗಿಯಿತು.

ಲಾಭ ಎಂದೇ ಶುರು ಮಾಡಿದ್ದಿರಬೇಕು.
ಅದರ ಮೇಲೆ ಈಗ ಕೊಳಲು ಇತ್ತು.

ಗಲ್ಲಾದ ಬಳಿ ಅವನು ತಲೆ ಎತ್ತಲಿಲ್ಲ,
ಬಾವುಟದ ಕೋಲನ್ನು ಸುಮ್ಮನೆ ಉಗುರಿನಿಂದ ಕೆರೆದ.
ಆಮೇಲೆ ವರ್ಷಕ್ಕೆರಡು ಸಲ ಬಂದ, ಅದೇ ಕ್ಯಾಸೆಟ್ಟು, ಹೊಸ ಹಾಡು,
ಪಟ್ಟಿಯ ಕೆಳಗೆ ಇಂಗ್ಲಿಷಿನಂಥ ಕನ್ನಡದಲ್ಲಿ: "ಕೊನೆ ಬಿಟ್ಟು".
ಏಳನೆಯ ಗೆರೆ ನಾನು ಖಾಲಿ ಬಿಡುತ್ತಿದ್ದೆ.

ಸಿ.ಡಿ. ಬಂತು, ಅದರ ಹಿಂದೆಯೇ ಬೆರಳುದ್ದದ ಪೆನ್‌ಡ್ರೈವು,
ಹೆಸರು ಬರೆಯಲು ಜಾಗವಿಲ್ಲದ್ದು.
ಹುಡುಗನೊಬ್ಬ "ಎಲ್ಲಾ ಹಾಕಿ ಅಂಕಲ್" ಅಂದ.
"ಎಲ್ಲಾ ಅಂದರೆ ಯಾವುದಪ್ಪ?"
ಮರುಳಸಿದ್ಧಪ್ಪನವರ ಪ್ರಶ್ನೆ ಅವನಿಗೆ ಅರ್ಥವಾಗಲಿಲ್ಲ.
ಅಂಗಡಿ ಕರೆನ್ಸಿ ಮಾರಿತು, ಆಮೇಲೆ ಜೆರಾಕ್ಸು, ಈಗ ಜ್ಯೂಸು.

ಉಳಿದ ನಾನೂರು ಕ್ಯಾಸೆಟ್ಟು ಜಾಜೂರಿನವನೊಬ್ಬ ತೂಕಕ್ಕೆ ಒಯ್ದ.
ಬಸ್ಸಿನ ಕಿಟಕಿಯಿಂದ ಕಂಡೆ:
ತೆನೆ ಹಾಲುಗಟ್ಟಿದ ಜೋಳದ ಹೊಲ,
ಬದುವಿನಿಂದ ಬದುವಿಗೆ ಎಳೆದು ಕಟ್ಟಿದ ಕಂದು ರೀಲು
ಬಿಸಿಲಿಗೆ ಮಿಂಚಿ, ಗಾಳಿಗೆ ಗುಂಯ್ಗುಟ್ಟಿ
ಗಿಳಿಗಳನ್ನು ಅಟ್ಟುತ್ತಿತ್ತು.
ಯಾವ ಹಾಡಿಗೆ ಹೆದರಿದವೋ.

ಜ್ಞಾನಪ್ರಕಾಶ ರಿಟೈರಾಗಿ ಎಲ್ಲಿಗೆ ಹೋದನೋ,
ಆ ಕ್ಯಾಸೆಟ್ಟಿಗೆ ಈಗ ತಿರುಗಲು ಡೆಕ್ಕು ಇದೆಯೋ, ಗೊತ್ತಿಲ್ಲ.
ಸೋಮವಾರದ ಸಂತೆಯಲ್ಲಿ ಕಾಯಿ ಕೊಂಡರೆ
ಲಾಭ ಎಂದು ಎಣಿಸತೊಡಗಿ
ಹತ್ತಕ್ಕೆ ನಿಲ್ಲಿಸುತ್ತೇನೆ.
ಮಾರುವವಳು "ಮುಂದೆ ಹೇಳಕ್ಕ" ಅನ್ನುತ್ತಾಳೆ.
ಮುಂದಿನದು ಅವಳೇ ಎಣಿಸಲಿ.
ಹತ್ತರ ತನಕ ನನ್ನ ಬಾಕಿ.