ನಾಲ್ಕು ತಂತಿ

ಗ್ರೀನಕ್ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಅಜ್ಜಿ ಎಫಿಗೆ ಇದ್ದದ್ದು ಎರಡೇ ಕೈ,
ಎದುರಿನ ಹಲಗೆಗೆ ಇನ್ನೂರು ತೂತು.
ಹಡಗುಕಟ್ಟೆಯ ಗುಮಾಸ್ತ, ಸಕ್ಕರೆ ಗಿರಣಿಯ ಯಜಮಾನ,
ಹೆಂಡತಿಗೆ ನೋವು ಶುರುವಾಗಿ ಸೂಲಗಿತ್ತಿಯನ್ನು ಕೇಳುವ ಗಂಡ:
ದೀಪ ಹೊತ್ತಿದಲ್ಲಿ ಹುರಿ ಚುಚ್ಚಬೇಕು, ಹೆಸರು ಹೇಳಬೇಕು,
ಕಿವಿ ತೆಗೆಯಬೇಕು.
‘ಕದ್ದು ಕೇಳಿದರೆ ಲೈನು ಸೊರಗುತ್ತೆ, ಈಶ್‌ಬೆಲ್.
ಆ ಕಡೆಯವರಿಗೆ ಗೊತ್ತಾಗಿಬಿಡುತ್ತೆ.’

ನಾನೀಗ ಗ್ಲಾಸ್ಗೋದ ಒಂದು ನೆಲಮಾಳಿಗೆಯಲ್ಲಿ
ಕೆಳಗಿಳಿದಷ್ಟೂ ತಣ್ಣಗಾಗುವ ಪೀಪಾಯಿಯ ಮುಂದೆ ಕೂತಿದ್ದೇನೆ.
ಐದು ಅಂತಸ್ತು,
ಒಂದೊಂದಕ್ಕೂ ಚಿನ್ನದ ನೀರು ಕುಡಿದ ತಾಮ್ರದ ತಟ್ಟೆ.
ಮಾತು ಬೆಳ್ಳಿ, ಮೌನ ಬಂಗಾರ;
ಇಲ್ಲಿ ಯಾರೋ ಅದನ್ನು ಅಕ್ಷರಶಃ ನಂಬಿದ್ದಾರೆ.
ತಳದಲ್ಲಿ, ಸೊನ್ನೆಯ ಹೊಸ್ತಿಲಲ್ಲಿ, ಎಂಟು ಕ್ಯೂಬಿಟ್.
ಹೌದೂ ಅನ್ನದೆ ಇಲ್ಲವೂ ಅನ್ನದೆ ತೂಗುತ್ತಿರುತ್ತವೆ,
ಬೆಚ್ಚನೆಯ ಒಂದು ಉಸಿರು ತಾಕಿದರೆ
ಎಲ್ಲ ಮರೆತುಬಿಡುತ್ತವೆ.

ಎಂಟಕ್ಕೆ ಎಂಬತ್ತು ತಂತಿ. ಸರಿ, ಎಳೆದೆವು.
ಹತ್ತು ಲಕ್ಷಕ್ಕೆ?
ಪ್ರತಿ ತಂತಿಯೂ ಈ ಕೋಣೆಯ ಬಿಸಿಯನ್ನು
ಇರುವೆ ಸಾಲಿನ ಹಾಗೆ ಕೆಳಗೆ ಹೊರುತ್ತದೆ.
‘ನಾವು ಕಟ್ಟುತ್ತಿರುವುದು ಕಂಪ್ಯೂಟರಲ್ಲ, ಕಾಗೆ ಗೂಡು’ ಅಂದ ಟಾರ್ಮಡ್,
ಲೆಕ್ಕದ ಹಾಳೆಯಿಂದ ಬಿಸ್ಕತ್ತಿನ ಪುಡಿ ಕೊಡವುತ್ತ.

ಹಾಗಾದರೆ ಆಪರೇಟರನ್ನೇ ಕೆಳಗಿಳಿಸೋಣ, ಅಂದೆ.

ಕಿರುಬೆರಳ ಉಗುರಿನಷ್ಟು ಚಿಪ್ಪುಗಳು. ಆರು ಸತ್ತವು.
ಒಂದಕ್ಕೆ ಚಳಿಯಲ್ಲಿ ಒಳಗಿನ ಎಲೆಕ್ಟ್ರಾನುಗಳೇ ಮರಗಟ್ಟಿದವು.
ಒಂದರ ಬೆಸುಗೆ ಕುಗ್ಗಿ ಬಿರಿಯಿತು.
ಒಂದು ಚೆನ್ನಾಗಿಯೇ ಕೆಲಸ ಮಾಡಿತು, ಆದರೆ ವಾಚಾಳಿ,
ಅದರ ಮಾತಿನ ಕಾವಿಗೆ ಎಂಟೂ ಮರೆತವು.
ಉಳಿದ ಮೂರರ ಸಂಗತಿ ಬೇಡ.
ಒಂದು ನನ್ನದೇ ತಪ್ಪು.

ಏಳನೆಯದಕ್ಕೆ ಅಜ್ಜಿಯ ಕಟ್ಟಳೆ ಕಲಿಸಿದೆ.
ತಂತಿ ನಾಲ್ಕೇ. ಸರದಿ ಬಂದವರ ಬಾಗಿಲು ತೆರೆ,
ಚಿಟಿಕೆ ವಿದ್ಯುತ್ತು ಇಡು, ಮುಚ್ಚು,
ಮಲಗು.
ಈ ಮೇಲಿನ ಲೋಕದಲ್ಲಿ ಇಟ್ಟದ್ದು
ಬೊಗಸೆಯ ನೀರಿನಂತೆ ಸೋರಿಹೋಗುತ್ತದೆ.
ಅಲ್ಲಿ, ಸೋರುವುದಕ್ಕೆ ಬೇಕಾದಷ್ಟು ಬಿಸಿಯೂ ಇಲ್ಲ.

ಗುರುವಾರ ಪಂಪು ಹಾಕಿದೆವು, ಶನಿವಾರ ಸಂಜೆಗೆ ತಣಿಯಿತು.
ಐದನೆಯ ಬಾಗಿಲು ತೆರೆಯಲೇ ಇಲ್ಲ.
ಉಳಿದ ಏಳರಲ್ಲಿ ಇಟ್ಟದ್ದು ಇಟ್ಟ ಹಾಗೇ.
ಒಂದು ಗಂಟೆ.
ಮೂರು.
ಪರದೆಯ ಮೇಲಿನ ಗೆರೆ ಕೂದಲೆಳೆಯಷ್ಟೂ ವಾಲಲಿಲ್ಲ.
ಮತ್ತೆ ಮತ್ತೆ ಇಣುಕಬೇಕು ಅನ್ನಿಸುತ್ತಿತ್ತು. ಇಣುಕಿದಾಗೆಲ್ಲ
ನನ್ನ ಆತುರದ ಬಿಸಿ ಒಂದಿಷ್ಟು ಕೆಳಗಿಳಿಯುತ್ತದೆ.
ಕೀಲಿಮಣೆಯಿಂದ ಕೈ ತೆಗೆದು
ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಟಾರ್ಮಡ್ ಮಳೆಯಲ್ಲಿ ನೆನೆದು ಒಳಗೆ ಬಂದ,
ವಿನಿಗರ್ ಸುರಿದ ಮೀನು, ಕರಿದ ಆಲೂಗಡ್ಡೆ,
ಪೊಟ್ಟಣದ ತುಂಬ ಹಬೆ.
‘ಏನಂತೆ ಅವು?’
‘ಗೊತ್ತಿಲ್ಲ’ ಅಂದೆ, ‘ಹುರಿ ಕಿತ್ತಿದ್ದೇನೆ.’
ಅವನು ಬಾಗಿಲ ಹತ್ತಿರವೇ ನಿಂತ,
ಬಿಸಿ ಪೊಟ್ಟಣವನ್ನು ಯಾಕೋ ಎದೆಗೆ ಒತ್ತಿಕೊಂಡು.