ಹತ್ತು ನಿಮಿಷದ ಮರಳು

ಕಡಲಿಳಿತದ ಹೊತ್ತಿಗೆ ಇಬುಸುಕಿಯ ದಂಡೆಯ ಕೆಳಗೆ
ನೀರು ಮರಳುತ್ತಿರುತ್ತದೆ, ಯಾರೂ ಒಲೆ ಹಚ್ಚಿದ್ದಲ್ಲ.
ಕಪ್ಪು ಮರಳಿನ ಮೈಯಿಂದ ಹಬೆ ಏಳುತ್ತದೆ
ಈಗಷ್ಟೇ ಮುಚ್ಚಳ ತೆಗೆದ ಅನ್ನದ ಹಾಗೆ.

ಇಪ್ಪತ್ತಾರು ವರ್ಷದಿಂದ ಇದೇ ನನ್ನ ಕೆಲಸ:
ಸಲಿಕೆ ಹಿಡಿದು ಮನುಷ್ಯರನ್ನು ಹೂಳುವುದು,
ಹತ್ತು ನಿಮಿಷಕ್ಕೆ.
ಮೊದಲು ಕಾಲು, ಆಮೇಲೆ ಹೊಟ್ಟೆ, ಎದೆಗೆ ಕೊಂಚ ತೆಳ್ಳಗೆ,
ಕತ್ತಿನ ಹತ್ತಿರ ಸಲಿಕೆ ಬಿಟ್ಟು ಬರಿಗೈಯಲ್ಲಿ.
ತಲೆಗೆ ಟವೆಲು ಸುತ್ತುವವಳು ಚಿಯೊಮಿ,
ಅವಳು ಹಾಕಿದ ಗಂಟು ಸಡಿಲವಾದದ್ದನ್ನು ನಾನು ಕಂಡಿಲ್ಲ.
ಬಂದವರೆಲ್ಲ ಒಂದೇ ತಮಾಷೆ ಮಾಡುತ್ತಾರೆ,
"ಮರೆತು ಇಲ್ಲೇ ಬಿಟ್ಟುಹೋಗಬೇಡಿ ಮತ್ತೆ!"
ಮೊದಲ ಸಲ ಕೇಳಿದಂತೆ ನಗುತ್ತೇನೆ.
ಸಂಬಳದಲ್ಲಿ ಅದೂ ಸೇರಿದೆ.

ಮಂಗಳವಾರ, ಮಾಡಿನ ಕೆಳಗೆ ಎರಡೇ ಜಾಗ ಖಾಲಿ.
ಒಂದರಲ್ಲಿ ಬಂದು ಮಲಗಿದವನು ತಮೊತ್ಸು,
ಯಮಗಾವದ ಹೊಗೆಮನೆಯಲ್ಲಿ ಮೀನನ್ನು
ಕಟ್ಟಿಗೆಯಷ್ಟು ಗಟ್ಟಿ ಮಾಡುವವನು;
ನಾವು ಒಗೆದುಕೊಟ್ಟ ಯುಕಾತ ಉಟ್ಟರೂ
ಹೊಗೆಯ ವಾಸನೆ ಬಿಡದವನು.
ಇನ್ನೊಂದಕ್ಕೆ ಚೀಟಿ ಹಿಡಿದು ಬಂದವನು ಕತ್ಸುಜಿ,
ಬೆಂಡೆ ಬೆಳೆಯುತ್ತಾನೆ. ಅವನ ತಮ್ಮ.

ಊರಿಗೇ ಗೊತ್ತು:
ತಾಯಿಯ ಮೂಳೆಗಳನ್ನು ಇಬ್ಬರೂ ಕಡ್ಡಿಯಲ್ಲಿ ಎತ್ತಿ
ಕುಡಿಕೆಗೆ ಇಳಿಸಿದ ದಿನದಿಂದ ಇವರಿಗೆ ಮಾತಿಲ್ಲ.
ಏಳು ವರ್ಷ. ಮನೆಯ ಜಗಳ ಎನ್ನುವವರಿದ್ದಾರೆ,
ದೋಣಿಯದ್ದು ಎನ್ನುವವರೂ.
ಚಿಯೊಮಿ ಮಾತ್ರ ಹೇಳುವುದು, ಒಂದು ಉಪ್ಪಿನಕಾಯಿ ಭರಣಿ.

ಚಿಯೊಮಿ ನನ್ನ ಮುಖ ನೋಡಿದಳು. ನಾನು ಸಲಿಕೆ ನೋಡಿದೆ.
ಕತ್ಸುಜಿ ಗಡಿಯಾರ ನೋಡಿದ. ನೀರೇರುವ ಸಮಯ ಹತ್ತಿರ,
ಇವತ್ತಿಗೆ ಇದೇ ಕೊನೆಯ ಸಾಲು.
ಮಲಗಿದ.

ಹೂಳಿದೆ, ಇಬ್ಬರನ್ನೂ ಒಂದೇ ತೂಕಕ್ಕೆ.
ಅಣ್ಣನಿಗೆ ಒಂದು ಸಲಿಕೆ ಹೆಚ್ಚು ಬಿದ್ದಿರಬಹುದು.
ಅವರ ತಾಯಿ ನನಗೆ ಗೊತ್ತಿದ್ದಳು.

ಮರಳೊಳಗೆ ಮಾಡಲು ಏನೂ ಇಲ್ಲ.
ಕೈ ಇದ್ದೂ ಇಲ್ಲ. ಮುಖ ತಿರುಗಿಸಬಹುದು, ಅಷ್ಟೆ;
ತಿರುಗಿಸಿದರೆ ಆ ಕಡೆ ಅವನು.
ಬೆರಳ ತುದಿಯಲ್ಲಿ ನಾಡಿ ಬಡಿಯಲು ಶುರುವಾಗುತ್ತದೆ,
ಆಮೇಲೆ ಹಿಮ್ಮಡಿಯಲ್ಲಿ,
ಆಮೇಲೆ ಯಾರ ನಾಡಿ ಎಂದು ಗೊತ್ತಾಗುವುದಿಲ್ಲ,
ನೆಲವೇ ಬಡಿಯುತ್ತದೆ.

ಏಳನೆಯ ನಿಮಿಷ. ತಮೊತ್ಸುವಿನ ಹಣೆಯಿಂದ ಒಂದು ಹನಿ ಬೆವರು
ಹುಬ್ಬಿನಲ್ಲಿ ಸ್ವಲ್ಪ ಹೊತ್ತು ಕೂತು, ಮೂಗಿನ ದಿಬ್ಬ ಹತ್ತಿ, ನಿಂತಿತು.
ಮೂಗು ಸುಕ್ಕಿಸಿದ. ತುಟಿ ಮೇಲೆ ಮಾಡಿ ಊದಿದ, ಉಫ್, ಉಫ್.
ಒರೆಸುವುದು ನನ್ನ ಕೆಲಸ. ಟವೆಲು ಎತ್ತಿಕೊಂಡೆ.

"ಊದಿದರೆ ಹೋಗಲ್ಲ ಅದು," ಅಂದ ಕತ್ಸುಜಿ, ಮಾಡಿಗೆ ಹೇಳಿದಂತೆ.
"ಗೊತ್ತು."
"ಅಮ್ಮನೂ ಹೀಗೇ ಊದ್ತಿದ್ದಳು."
"ಒಲೆ ಊದ್ತಿದ್ದಳು."
"ಒಲೆ ಅಲ್ಲ. ನಮ್ಮ ಮಂಡಿ. ಬಿದ್ದು ಬಂದಾಗ."

ಅಲೆಯೊಂದು ಬಂತು, ಹೋಯಿತು.
ಟವೆಲು ಹಿಡಿದು ನಿಂತೇ ಇದ್ದೆ, ಕೆಲಸ ಮರೆತು.
ಆಮೇಲೆ ಒರೆಸಿದೆ. ತಮ್ಮನದನ್ನೂ,
ಅವನು ಕೇಳದೆಯೇ, ಅದೇ ಟವೆಲಿನಲ್ಲಿ.

ಹತ್ತಾಯಿತು. ನಾನು ಹೇಳಲಿಲ್ಲ.
ಹನ್ನೊಂದು. ನೀರು ಮೊದಲ ಗೂಟ ಮುಟ್ಟಿತು.
ಹನ್ನೆರಡಕ್ಕೆ ಚಿಯೊಮಿ ಕೆಮ್ಮಿದಳು.

ಮರಳು ಮೊದಲು ಮಂಡಿಯ ಮೇಲೆ ಬಿರಿಯಿತು, ಆಮೇಲೆ ಎದೆಯ ಮೇಲೆ.
ಎದ್ದರು, ಬೆನ್ನ ತುಂಬ ಕಪ್ಪು ಹೊತ್ತು,
ಒಬ್ಬ ಮುಂದೆ ಒಬ್ಬ ಹಿಂದೆ,
ಬಾಯಿ ಬಿಡದೆ ಸ್ನಾನದ ಮನೆಯ ಕಡೆಗೆ ಮರಳಿದರು.
ಆ ಭರಣಿ ಯಾರ ಮನೆಯಲ್ಲಿದೆಯೋ, ಈಗಲೂ ನನಗೆ ಗೊತ್ತಿಲ್ಲ.

ಎರಡು ಗುಳಿ ಉಳಿದವು, ನಡುವೆ ಗೇಣಗಲದ ದಿಣ್ಣೆ.
ಸಮ ಮಾಡುವುದೂ ನನ್ನದೇ ಕೆಲಸ.
ಇವತ್ತು ಸಮುದ್ರಕ್ಕೆ ಬಿಟ್ಟೆ.

ಸಲಿಕೆ ತೊಳೆದು ಒರಗಿಸುವಾಗ
ಒಳಗಿನಿಂದ ಚಿಯೊಮಿ ಕೂಗಿದಳು,
ಚಹಾ ಆರುತ್ತಿದೆ.