ಗೋಧಿ ಕಾಳಿನ ಗೀರು

ಪುಸ್ತಕದಲ್ಲಿ ಕಾಫಿಬೀಜ ಎಂದು ಬರೆದಿದೆ.
ನಾನು ಕಾಫಿಬೀಜ ಕಣ್ಣಾರೆ ಕಂಡದ್ದು
ನೌಕರಿಗೆ ಸೇರಿ ಎರಡು ವರ್ಷದ ಮೇಲೆ.
ಕಲಬುರಗಿ ಚಹಾದ ಊರು.
ಹಾಗಾಗಿ ಸ್ಲೈಡಿನ ಮೇಲೆ ಗೀರು ಬಿದ್ದ ನ್ಯೂಕ್ಲಿಯಸ್ ಕಂಡರೆ
ನನ್ನ ಬಾಯಿಗೆ ಬರುವುದು ಗೋಧಿ.
ಹೊಟ್ಟೆಯ ಉದ್ದಕ್ಕೂ ಒಂದೇ ಗೀರು;
ಅವ್ವ ಉಗುರಿನಿಂದ ತೋರಿಸುತ್ತಿದ್ದಳು,
ಇಲ್ಲೇ ನೋಡು, ದೇವ್ರು ಹಿಡಿದು ಬಿಟ್ಟಾನ.

ಇವತ್ತಿನ ಹನ್ನೊಂದನೆಯ ಸ್ಲೈಡು:
ಜಗದೇವಿ, ಗಂಡ ರೇವಪ್ಪ, ವಯಸ್ಸು ಅಂದಾಜು ನಲವತ್ತಾರು.
ಉದ್ಯೋಗದ ಖಾನೆ ಖಾಲಿ.
"ಗಂಜಿನ್ಯಾಗ ಉದುರಿದ್ದು ಬಳಕೋತೀನ್ರಿ" ಅಂದಳಂತೆ,
ಅದಕ್ಕೇನು ಬರೆಯಬೇಕು
ಕೌಂಟರಿನ ಹುಡುಗನಿಗೆ ತಿಳಿಯಲಿಲ್ಲ.

ಪುಷ್ಯ ಮಾಸ, ತೊಗರಿ ಬರುವ ಕಾಲ.
ಹಮಾಲರ ಕೊಕ್ಕೆ ಹರಿದ ಚೀಲದಿಂದ ಸೋರಿದ್ದು,
ತಕ್ಕಡಿ ತಪ್ಪಿದ್ದು, ಲಾರಿಯ ಗಾಲಿ ಒಡೆದದ್ದು.
ಅಡತಿ ಅಂಗಡಿಗಳು ಶಟರ್ ಎಳೆದ ಮೇಲೆ
ಶಹಾಬಾದ್ ಕಲ್ಲಿನ ಸಂದಿಸಂದಿಗೂ ಕಸಬರಿಗೆ ಆಡಿಸಿ
ಮೊರದಲ್ಲಿ ಕೇರುತ್ತಾಳೆ, ಹರಳು ಅತ್ತ, ನುಚ್ಚು ಇತ್ತ.
ರಾತ್ರಿಯ ಬ್ಯಾಳಿ ಅದರಿಂದಲೇ.

ಕೊರಳಿನ ಗಂಟಿಗೆ ಸೂಜಿ ಇಡುವಾಗ ನಾನೇ ಹೇಳಿದ್ದೆ:
ಚೀಲಕ್ಕೆ ಪರಖಿ ಚುಚ್ಚಿ ದಲಾಲಿ
ನಾಲ್ಕು ಕಾಳು ಅಂಗೈಗೆ ಸುರಿದು ನೋಡುವುದಿಲ್ಲವೇ,
ಅಷ್ಟೇ.

ಕೋಶ ಬದುಕುವುದೂ ಹೀಗೆಯೇ.
ನನ್ನ ಮೈಕ್ರೋಸ್ಕೋಪಿಗೆ ಇದು ಕಾಣದು, ಓದಿ ತಿಳಿದದ್ದು:
ಒಳಗೆ ಸವೆದದ್ದನ್ನು, ಮುರಿದದ್ದನ್ನು, ಮಡಿಕೆ ತಪ್ಪಿದ ಪ್ರೋಟೀನನ್ನು
ತೆಳುವಾದ ಪೊರೆಯೊಂದು ಬಂದು ಗೋರಿ, ಗಂಟು ಕಟ್ಟಿ,
ಬೀಸುವಲ್ಲಿಗೆ ಒಯ್ದು, ಹಿಟ್ಟು ಮಾಡಿ, ಉಣ್ಣುತ್ತದೆ.
ಸ್ವಭಕ್ಷಣೆ.
ಹೆಸರು ಕೇಳಿದರೆ ರಾಕ್ಷಸ ಕೆಲಸ,
ನೋಡಿದರೆ ಬರೀ ಸಂಜೆಯ ಕಸಬರಿಗೆ.
ಕಸ ಬಿದ್ದಲ್ಲೇ ಕೊಳೆಯದಂತೆ ಅದೇ ಕಾವಲು.
ಆದರೆ ಗಡ್ಡೆ ಎದ್ದ ಮೇಲೆ ಕೆಲವೊಮ್ಮೆ,
ರಕ್ತ ತಲುಪದ ಒಳಮೂಲೆಯಲ್ಲಿ, ಔಷಧಿ ಬಿದ್ದ ದಿನ,
ಹಸಿದ ಕೆಟ್ಟ ಕೋಶಕ್ಕೂ
ರಾತ್ರಿಯ ಬ್ಯಾಳಿ ಅದರಿಂದಲೇ.
ಯಾವಾಗ ಕಾವಲು, ಯಾವಾಗ ಕಳ್ಳನ ಅಡುಗೆಯವಳು?
ಬಲ್ಲವರೇ ಇನ್ನೂ ತಕ್ಕಡಿ ಹಿಡಿದು ನಿಂತಿದ್ದಾರೆ.

ಎಣ್ಣೆಯ ಹನಿ ಬಿಟ್ಟು ನೂರರ ಲೆನ್ಸಿಗೆ ತಿರುಗಿಸಿದೆ.
ದುಂಡಗಿರಬೇಕಾದವು ಉದ್ದುದ್ದ, ಒಂದರ ಮೇಲೊಂದು,
ಯಾರೋ ಚೀಲದ ಬಾಯಿ ಬಿಚ್ಚಿದಂತೆ.
ಗೀರು. ಗೀರು. ಅದರ ಪಕ್ಕದ್ದಕ್ಕೂ ಗೀರು.
ಒಂದರಲ್ಲಿ ಮಾತ್ರ ತೂತು, ಅಂಚು ಕೊರೆದಿಟ್ಟಷ್ಟು ನಯ.
ತೂತಲ್ಲ ಅದು. ಹೊರಗಿನ ಅಂಗಳವೇ ಒಳಮನೆಗೆ ನುಗ್ಗಿ
ಕಿಟಕಿಯ ವೇಷ ಹಾಕಿ ಕೂತದ್ದು.
ಹುಳ ಬಿದ್ದ ಕಾಳಾದರೆ ಆರಿಸಿ ಎಸೆಯಬಹುದು.
ಇಲ್ಲಿ ಬೆರಳು ಗಾಜಿಗೆ ತಾಗಿ ನಿಲ್ಲುತ್ತದೆ.

ವರದಿಗೆ ಆಕೆಯೇ ಬಂದಳು, ಕೊರಳಿಗೆ ಸೆರಗು ಸುತ್ತಿ.
"ಕಾಳು ಹ್ಯಾಂಗ ಬಂದಾವ್ರಿ?"
ಹೇಳಿದೆ. ಹೆಸರೂ ಹೇಳಿದೆ.
ನಿಧಾನದ ಜಾತಿ, ಕೊಯ್ದು ತೆಗೆದರೆ
ಬಹಳ ಮಂದಿಗೆ ಹೋಗುತ್ತದೆ ಎಂದೂ.

ಸ್ವಲ್ಪ ಹೊತ್ತು ಫ್ಯಾನು ತಿರುಗಿತು.

"ಸೋಮವಾರ ಒಪ್ಪತ್ತು ಮಾಡ್ತೀನ್ರಿ.
ಇನ್ನೆರಡು ದಿನ ಕೂಡಿಸಿದ್ರ
ಹಸದು ಸಾಯ್ತದೇನ್ರಿ ಈ ಗಂಟು?"

ಅದಕ್ಕೂ ಹಸಿವು ಗೊತ್ತದವ್ವ,
ನಿನ್ನಷ್ಟೇ ಗೊತ್ತಿರಬೇಕು. ನೀ ಉಣ್ಣು.

ನಕ್ಕಳೋ ಏನೋ. ಬಾಗಿಲಿನವರೆಗೆ ಹೋಗಿ ತಿರುಗಿದಳು:
ತೆಗೆದದ್ದನ್ನ ಎಲ್ಲಿ ಒಗೀತೀರಿ?
ಒಗೆಯುವುದಿಲ್ಲ, ಒಂದು ತುಂಡು ಮೇಣದಲ್ಲಿ ಹೂತು
ನಂಬರು ಬರೆದು, ಹತ್ತು ವರ್ಷ ಇಡುತ್ತೇವೆ.

"ಹತ್ತು ವರ್ಷ! ಕೆಟ್ಟ ಕಾಳು ಕಾಯ್ತೀರೇನ್ರಿ?
ನಮ್ಮಲ್ಲಾದ್ರ ಕೋಳಿಗಿ ಹಾಕ್ತಾರ."